ಸರ್ ಮಿರ್ಜಾ ಇಸ್ಮಾಯಿಲ್: ಎರಡೂ ಕಡೆಯವರ ಮುನಿಸಿಗೆ ಪಾತ್ರರಾದ ದಿವಾನರು



ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲೂಕಿನ ಜೋಗದಲ್ಲಿ ಧುಮುಕುವ ಶರಾವತಿ ನಮ್ಮ ಮೂರೂ ತಾಲೂಕುಗಳ ನದಿ. ಜೋಗ ನೋಡಲು ಬಂದ ನೆಂಟರನ್ನು ನೀವೂ ಅಲ್ಲಿಗೆ ಕರೆದುಕೊಂಡು ಹೋಗಿರುತ್ತೀರಿ. ಸಾಗರದಿಂದ ತಾಳಗುಪ್ಪದವರೆಗೆ ರೈಲಿನಲ್ಲಿ ಹೋಗಿದ್ದರೂ ಹೋಗಿರಬಹುದು. ಆ ಹಳಿ ತಾಳಗುಪ್ಪವನ್ನು ಮುಟ್ಟಿದ್ದೂ, ಜೋಗದಲ್ಲಿ ವಿದ್ಯುದಾಗಾರದ ಕೆಲಸ 1939ರಲ್ಲಿ ಶುರುವಾದದ್ದೂ ಒಬ್ಬರೇ ದಿವಾನರ ಕಾಲದಲ್ಲಿ. ಅವರೇ ಸರ್ ಮಿರ್ಜಾ ಇಸ್ಮಾಯಿಲ್. 1948ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಅವರು ಅಧಿಕಾರದಲ್ಲಿರಲಿಲ್ಲ. ವಿದ್ಯುದಾಗಾರಕ್ಕೆ ಮೊದಲು ಮಹಾರಾಜರ ಹೆಸರು ಬಂತು, ನಂತರ ಮಹಾತ್ಮ ಗಾಂಧಿಯವರ ಹೆಸರು ಬಂತು. ಮಲೆನಾಡಿನ ಇಂದಿನ ವಿದ್ಯಾರ್ಥಿಗಳಲ್ಲಿ ಮಿರ್ಜಾರ ಹೆಸರು ಗೊತ್ತಿರುವವರು ಎಷ್ಟು ಮಂದಿ?

ನಮ್ಮ ಸಮುದಾಯದಲ್ಲೂ ಇಂಥ ದೊಡ್ಡವರಿದ್ದರು ಎಂದು ಎದೆಯುಬ್ಬಿಸಿಕೊಳ್ಳಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ. ವಾರ್ಷಿಕ ಸಂಚಿಕೆಗಳಲ್ಲಿ ಅಂಥ ಲೇಖನಗಳು ಬೇಕಾದಷ್ಟು ಬಂದಿವೆ. ತನ್ನವರ ಕಡೆಗೆ ನಿಲ್ಲುವುದು ಮತ್ತು ನ್ಯಾಯದ ಕಡೆಗೆ ನಿಲ್ಲುವುದು ಬೇರೆ ಬೇರೆಯಾದಾಗ ಒಬ್ಬ ಮುಸಲ್ಮಾನ ಏನು ಮಾಡಬೇಕು ಎಂಬ ಪ್ರಶ್ನೆ ಮಿರ್ಜಾರ ಬದುಕಿನಲ್ಲಿ ಮತ್ತೆ ಮತ್ತೆ ಎದುರಾಯಿತು. ಅದಕ್ಕಾಗಿ ಈ ಬರಹ.

ಮೊದಲು ಮದೀನಾದ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಿ. ಕುರ್‌ಆನಿನ ಅನ್ನಿಸಾ ಅಧ್ಯಾಯದ 105ನೆಯ ವಚನದಿಂದ ಮುಂದಿನ ಕೆಲವು ವಚನಗಳು ಅವತೀರ್ಣವಾದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಇದನ್ನು ಹೇಳುತ್ತಾರೆ. ಒಬ್ಬ ಮುಸ್ಲಿಮನು ಇನ್ನೊಬ್ಬ ಮುಸ್ಲಿಮನ ಮನೆಯಿಂದ ಯುದ್ಧಕವಚವನ್ನು ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮನೆಗೆ ಸಾಗಿಸಿ ಆರೋಪವನ್ನು ಅವನ ತಲೆಗೆ ಕಟ್ಟಿದ. ಕಳ್ಳನ ಬಂಧುಗಳು ಪ್ರವಾದಿಯವರ (ಸ) ಬಳಿಗೆ ಬಂದು ತಮ್ಮವನ ಪರವಾಗಿ ವಾದಿಸಿದರು. ಮದೀನಾದ ಯಹೂದಿ ಗೋತ್ರಗಳೊಡನೆ ಸಂಬಂಧ ಬಿಗಡಾಯಿಸುತ್ತಿದ್ದ ಕಾಲವದು. ಆದರೂ ಆ ವಚನಗಳು ಯಹೂದಿಯನ್ನು ನಿರ್ದೋಷಿಯೆಂದು ತೋರಿಸಿ, ವಂಚಕರ ಪರವಾಗಿ ವಾದಿಸಬಾರದೆಂದು ಕಟ್ಟುನಿಟ್ಟಾಗಿ ತಿಳಿಸಿದವು. ನಮ್ಮ ಪ್ರವಚನಗಳಲ್ಲಿ ಈ ಪ್ರಸಂಗ ಅಷ್ಟಾಗಿ ಕೇಳಿಬರುವುದಿಲ್ಲ ಎಂಬುದು ನನ್ನ ದೂರು. ಇಸ್ಲಾಮಿನ ನ್ಯಾಯದ ಬಗ್ಗೆ ಮಾತನಾಡುವಾಗ ನಾವು ಬೇರೆಯವರು ನಮಗೆ ಮಾಡಿದ ಅನ್ಯಾಯದಿಂದಲೇ ಶುರುಮಾಡುತ್ತೇವೆ.

ಈಗ ಮಿರ್ಜಾರ ಕಡೆಗೆ ಬರೋಣ. ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜಿನಿಂದ ಬಂದ ಕುದುರೆ ವ್ಯಾಪಾರಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರನ್ನೇ ಹೊತ್ತಿದೆ. ಶಿಯಾ ಪಂಗಡದ ಈ ಮನೆತನಕ್ಕೆ ಮೈಸೂರು ಅರಮನೆಯ ನಂಟು ಮೊದಲಿನಿಂದಲೂ ಇತ್ತು. ಬಾಲಕ ಮಿರ್ಜಾ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರೆಂದು ಖ್ಯಾತರಾದ ರಾಜಕುಮಾರರ ಜೊತೆಯಲ್ಲೇ ಕುಳಿತು ಪಾಠ ಕಲಿತರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು 1905ರಲ್ಲಿ ಸರ್ಕಾರಿ ಸೇವೆಗೆ ಸೇರಿದರು. ಪೊಲೀಸ್ ಇಲಾಖೆಯಲ್ಲಿ ಕೆಲಕಾಲವಿದ್ದು, ನಂತರ ಮಹಾರಾಜರ ಕಚೇರಿಗೆ ಬಂದು, ಅವರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನರಾದಾಗ ಅವರಿಗೆ ಇನ್ನೂ 43 ತುಂಬಿರಲಿಲ್ಲ. ಮುಂದಿನ ಹದಿನೈದು ವರ್ಷ ಅವರೇ ದಿವಾನರು.

ದೈವಭಕ್ತ ಹಿಂದೂ ಮಹಾರಾಜ, ಅವರಿಗೆ ಮುಸ್ಲಿಂ ದಿವಾನ. ದಸರಾ ದರ್ಬಾರಿನಲ್ಲಿ ದಿವಾನರ ಸ್ಥಾನದಲ್ಲಿ ಮಿರ್ಜಾ ನಿಲ್ಲುತ್ತಿದ್ದರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅದೇ ಮಹಾರಾಜರು ಅಡಿಗಲ್ಲಿಟ್ಟರು. ಇದೆಲ್ಲ ಪ್ರದರ್ಶನಕ್ಕಾಗಿ ನಡೆದದ್ದಲ್ಲ. ಸಂಸ್ಥಾನದ ಆಡಳಿತ ನಡೆಯುತ್ತಿದ್ದ ರೀತಿಯೇ ಹಾಗಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಕನ್ನಂಬಾಡಿಯ ಬೃಂದಾವನ, ಬೆಂಗಳೂರಿನ ಪುರಭವನ, ಶಿಂಷಾ ವಿದ್ಯುದಾಗಾರ ಎಲ್ಲವೂ ಅವರ ಕಾಲದವು. ಈ ಪಟ್ಟಿಯನ್ನು ಇನ್ನೂ ಉದ್ದ ಮಾಡಬಹುದು, ಆದರೆ ಶಾಲಾ ಪುಸ್ತಕದಲ್ಲಿ ಸಿಗುವುದನ್ನು ಇಲ್ಲಿ ಮತ್ತೆ ಬರೆಯುವುದು ಬೇಡ.

1928ರ ಜುಲೈ ತಿಂಗಳಲ್ಲಿ ಅವರಿಗೆ ಮೊದಲ ದೊಡ್ಡ ಪರೀಕ್ಷೆ ಬಂತು. ಬೆಂಗಳೂರಿನ ಸುಲ್ತಾನ್ ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ಹಿಂದೂ ಮುಸ್ಲಿಮರ ನಡುವೆ ವಿವಾದ ಹುಟ್ಟಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಜುಲೈ ಕೊನೆಯಲ್ಲಿ ಘರ್ಷಣೆಯೂ ನಡೆದು ಅನೇಕರು ಗಾಯಗೊಂಡರು. ದಿವಾನರು ಮುಸಲ್ಮಾನರಾದ್ದರಿಂದ ಸರ್ಕಾರ ಅವರ ಕಡೆಗೇ ವಾಲಿದೆ ಎಂಬ ಮಾತು ಹಬ್ಬಿತು. ಪತ್ರಿಕೆಗಳು ಬರೆದವು. ಅವುಗಳ ಮೇಲೆ ಸರ್ಕಾರ ಬಿಗಿ ಹಿಡಿತ ತಂದದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಇನ್ನೊಂದು ಸಂಗತಿಯನ್ನೂ ನೋಡಿ. ಇಡೀ ಪ್ರಕರಣದ ವಿಚಾರಣೆಗೆ ನೇಮಕವಾದ ಸಮಿತಿಗೆ ಅಧ್ಯಕ್ಷರಾದವರು ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರು. ಅಧಿಕಾರಿಗಳ ಮುಲಾಜಿಗೆ ಬಗ್ಗುವವರು ಅವರಲ್ಲ. ತನ್ನ ಸರ್ಕಾರದ ನಡತೆಯನ್ನು ಅಂಥವರ ಮುಂದೆ ಒಪ್ಪಿಸಲು ಮಿರ್ಜಾರ ಆಡಳಿತ ಹಿಂಜರಿಯಲಿಲ್ಲ. ಪಕ್ಷಪಾತಿ ಎಂಬ ಹಣೆಪಟ್ಟಿ ಮಾತ್ರ ಕೆಲವರ ಬಾಯಲ್ಲಿ ಬಹುಕಾಲ ಉಳಿಯಿತು.

ಇಲ್ಲಿ ನಾನೊಂದು ಎಚ್ಚರಿಕೆ ವಹಿಸಬೇಕು. ತನ್ನವರ ತಪ್ಪನ್ನು ಮುಚ್ಚಬಾರದೆಂದು ಹೇಳುವ ಲೇಖನ, ಮಿರ್ಜಾ ನಮ್ಮವರೆಂಬ ಕಾರಣಕ್ಕೆ ಅವರ ತಪ್ಪನ್ನು ಮುಚ್ಚಿದರೆ ಅದಕ್ಕಿಂತ ದೊಡ್ಡ ಹಾಸ್ಯ ಇನ್ನಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯನ್ನು ಸರ್ಕಾರ ಒಂದು ಹೇಳಿತು, ಕಾಂಗ್ರೆಸ್ ಅದಕ್ಕಿಂತ ಬಹಳ ಹೆಚ್ಚು ಹೇಳಿತು. ಸತ್ತವರು ಬಡ ರೈತಾಪಿ ಜನ. ಗುಂಡಿಗೆ ಅಪ್ಪಣೆ ಕೊಟ್ಟವರು ಸ್ಥಳೀಯ ಅಧಿಕಾರಿಗಳೇ ಇರಬಹುದು, ಆದರೆ ಆ ಆಡಳಿತದ ಮುಖ್ಯಸ್ಥರು ಮಿರ್ಜಾ. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಕೇಳುತ್ತಿದ್ದಾಗ ಅವರು ಒಂದೊಂದೇ ಹೆಜ್ಜೆಯ ಸುಧಾರಣೆಯಲ್ಲೇ ನಂಬಿಕೆಯಿಟ್ಟು ತಡಮಾಡಿದರು. ಗಾಂಧೀಜಿ ಕಳುಹಿಸಿದ ಸರ್ದಾರ್ ಪಟೇಲ್ ಮತ್ತು ಕೃಪಲಾನಿಯವರೊಡನೆ ಮಾತುಕತೆ ನಡೆದು, ಮೈಸೂರು ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು. ಮಿರ್ಜಾ-ಪಟೇಲ್ ಒಪ್ಪಂದವೆಂದು ಅದು ಹೆಸರಾಯಿತು. ವಿದುರಾಶ್ವತ್ಥದಲ್ಲಿ ಮಡಿದವರಿಗೆ ಅದರಿಂದ ಏನೂ ಬರಲಿಲ್ಲ.

ಶರಾವತಿಯ ವಿಷಯವೂ ಹಾಗೆಯೇ. ಜೋಗದ ವಿದ್ಯುತ್ತಿಗಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1964ರ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಸಾಗರ ಮತ್ತು ಹೊಸನಗರ ತಾಲೂಕಿನ ಹಳ್ಳಿಗಳೂ ಮುಳುಗಿದವು. ನಿಮ್ಮ ತರಗತಿಯಲ್ಲೇ ಮುಳುಗಡೆ ಕುಟುಂಬದ ಮೊಮ್ಮಕ್ಕಳು ಇರಬಹುದು, ಕೇಳಿ ನೋಡಿ. ಲಿಂಗನಮಕ್ಕಿ ಮಿರ್ಜಾರ ಕೆಲಸವಲ್ಲ, ಅವರು ತೀರಿಕೊಂಡ ಮೇಲಿನದು. ಆದರೂ ಈ ನದಿಯಿಂದ ರಾಜ್ಯಕ್ಕೆ ಬೆಳಕು ತರುವ ಯೋಜನೆಯನ್ನು ಮೆಚ್ಚುವವರು ನೆಲೆ ಕಳೆದುಕೊಂಡವರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. 1942ರಿಂದ 1946ರವರೆಗೆ ಜಯಪುರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಆ ನಗರದ ರೂಪವನ್ನೇ ಬದಲಿಸಿದರು. ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು.

ಆ ನಂತರ ಹೈದರಾಬಾದ್. ನೀವು ನಿಧಾನವಾಗಿ ಓದಬೇಕಾದ ಭಾಗ ಇದು. ಎರಡು ಹಿಂದೂ ಸಂಸ್ಥಾನಗಳಲ್ಲಿ ಹತ್ತೊಂಬತ್ತು ವರ್ಷ ಅಧಿಕಾರ ನಡೆಸಿದ ಮಿರ್ಜಾರಿಗೆ ಒಬ್ಬ ಮುಸ್ಲಿಂ ದೊರೆಯ ಕೈಕೆಳಗೆ ಒಂದು ವರ್ಷವೂ ಇರಲಾಗಲಿಲ್ಲ.

ನಿಜಾಮರ ಸಂಸ್ಥಾನದಲ್ಲಿ ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ದೊರೆ ಮತ್ತು ಮೇಲಧಿಕಾರಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಅಲ್ಲಿ ಬಲವಾಗಿದ್ದ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ವಾದ ಹೀಗಿತ್ತು: ಸಂಸ್ಥಾನದ ಸಾರ್ವಭೌಮತ್ವ ಮುಸ್ಲಿಂ ಸಮುದಾಯಕ್ಕೆ ಸೇರಿದ್ದು, ನಿಜಾಮರು ಅದರ ಸಂಕೇತ ಮಾತ್ರ. ಬೀದಿಯಲ್ಲಿ ಗಾಡಿ ತಳ್ಳುವ ಬಡ ಮುಸ್ಲಿಮನಿಗೂ ತಾನು ಆಳುವವನೆಂಬ ಹೆಮ್ಮೆ ಕೊಡುವ ಮಾತು ಇದು. ಹೊಟ್ಟೆಗೆ ಏನನ್ನೂ ಕೊಡುವುದಿಲ್ಲ. ಪಕ್ಕದ ಮನೆಯವನನ್ನು ಆಳಿಸಿಕೊಳ್ಳುವವನನ್ನಾಗಿ ಮಾಡುತ್ತದೆ. ಇದಕ್ಕೆ ಇಸ್ಲಾಮಿನ ಬಣ್ಣ ಬಳಿಯಲಾಗಿತ್ತು.

1946ರ ಆಗಸ್ಟ್‌ನಲ್ಲಿ ಮಿರ್ಜಾ ಅಲ್ಲಿ ಪ್ರಧಾನಮಂತ್ರಿಯಾದರು. ಜಿನ್ನಾರಿಗೆ ಈ ನೇಮಕ ಇಷ್ಟವಿರಲಿಲ್ಲ, ಆ ಅಸಮ್ಮತಿಯನ್ನು ಅವರು ನಿಜಾಮರಿಗೆ ತಿಳಿಸಿಯೂ ಇದ್ದರು. ಕಾರಣ ಸ್ಪಷ್ಟ. ಮಿರ್ಜಾ ಮುಸ್ಲಿಂ ಲೀಗಿನವರಲ್ಲ, ಧರ್ಮದ ಆಧಾರದ ಮೇಲೆ ದೇಶ ಒಡೆಯುವುದನ್ನು ಒಪ್ಪದವರು, ಗಾಂಧೀಜಿಯವರ ಸ್ನೇಹಿತರು. ಹೈದರಾಬಾದ್ ಭಾರತದೊಡನೆ ಒಪ್ಪಂದ ಮಾಡಿಕೊಂಡು ಬಾಳಬೇಕೇ ಹೊರತು ಸ್ವತಂತ್ರ ರಾಷ್ಟ್ರದ ಕನಸು ಕಾಣಬಾರದೆಂಬುದು ಅವರ ನಿಲುವು. ಇತ್ತೆಹಾದಿನವರು ಅವರನ್ನು ಸಮುದಾಯಕ್ಕೆ ದ್ರೋಹ ಬಗೆಯುವವರೆಂದು ಕಂಡರು. ಬೆಂಗಳೂರಿನಲ್ಲಿ ಮುಸ್ಲಿಂ ಪಕ್ಷಪಾತಿ ಎನಿಸಿಕೊಂಡವರು ಹೈದರಾಬಾದಿನಲ್ಲಿ ಮುಸ್ಲಿಂ ವಿರೋಧಿ ಎನಿಸಿಕೊಂಡರು. ನಿಜಾಮರಿಂದಲೂ ಬೇಕಾದ ಬೆಂಬಲ ಸಿಗಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ಹುದ್ದೆ ಬಿಟ್ಟು ಬಂದರು.

ಸಮುದಾಯದ ಹಿತ ಯಾವುದರಲ್ಲಿತ್ತು? ನೀವೇ ಯೋಚಿಸಿ. ಮಿರ್ಜಾ ಹೋದ ಮೇಲೆ ಖಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರು ಬೆಳೆದರು. ಬೀದರ್, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಕೊಲೆ ಸುಲಿಗೆಗಳಾದವು. ಜನ ಮನೆಮಠ ಬಿಟ್ಟು ಗಡಿ ದಾಟಿದರು. 1948ರ ಮಧ್ಯದಲ್ಲಿ ಮಿರ್ಜಾ ಮತ್ತೊಮ್ಮೆ ಸಂಧಾನಕ್ಕೆ ಪ್ರಯತ್ನಿಸಿದರು, ಫಲಿಸಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಪ್ರವೇಶಿಸಿ ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಆಮೇಲೆ ನಡೆದದ್ದು ಇನ್ನೊಂದು ಘೋರ. ರಜಾಕಾರರು ಮಾಡಿದ್ದಕ್ಕೆ ಹಳ್ಳಿಗಳ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಅವರ ತಂಡ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಮತ್ತು ಕಲಬುರಗಿ ಸೇರಿವೆ. ರಜಾಕಾರರ ಕೈಯಲ್ಲಿ ಸತ್ತ ಹಿಂದೂ ರೈತನೂ, ಸೇಡಿನಲ್ಲಿ ಸತ್ತ ಮುಸ್ಲಿಂ ನೇಕಾರನೂ ಯಾವ ಸಾರ್ವಭೌಮತ್ವವನ್ನೂ ಕೇಳಿದವರಲ್ಲ. ಇವರಲ್ಲಿ ಒಬ್ಬರಿಗಾಗಿ ಮಾತ್ರ ಕಣ್ಣೀರಿಡುವವರನ್ನು ನಾನು ಎರಡೂ ಕಡೆ ಕಂಡಿದ್ದೇನೆ. ಖಾಸಿಂ ರಜ್ವಿ ಜೈಲುವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ಅವನ ಮಾತು ನಂಬಿದ ಬಡವರು ಇಲ್ಲೇ ಉಳಿದರು, ಅನುಮಾನದ ಕಣ್ಣುಗಳ ನಡುವೆ.

ಮಿರ್ಜಾ ಪಾಕಿಸ್ತಾನಕ್ಕೆ ಹೋಗಲಿಲ್ಲ. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ಮೈ ಪಬ್ಲಿಕ್ ಲೈಫ್ ಎಂಬ ಆತ್ಮಕಥನ ಪ್ರಕಟವಾಯಿತು. ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳು ಹುಡುಕಿ ಓದಿ, ಆದರೆ ಅದು ಅವರೇ ಬರೆದುಕೊಂಡದ್ದೆಂಬುದು ನೆನಪಿರಲಿ. ವಿದುರಾಶ್ವತ್ಥದವರ ಕಡೆಯಿಂದ ಬರೆದ ಪುಸ್ತಕಗಳನ್ನೂ ಅದರ ಜೊತೆಗಿಟ್ಟುಕೊಳ್ಳಿ. 1959ರ ಜನವರಿ 5ರಂದು, ತಾವು ಹುಟ್ಟಿದ ಬೆಂಗಳೂರಿನಲ್ಲೇ ಅವರು ಕೊನೆಯುಸಿರೆಳೆದರು.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತೀರಾ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಸಾಗರದ ಹುಡುಗರು ಅದನ್ನು ನೋಡಲು ಹೋಗುತ್ತಾರೆ. ಈ ಬಾರಿ ನೀವು ಹೋದರೆ, ಅಲ್ಲಿ ಮುಳುಗಿದ ಹಳ್ಳಿಗಳ ಹೆಸರನ್ನು ಬಲ್ಲ ಹಿರಿಯರೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ.