ವಿಮಾನಕ್ಕೆ ಹತ್ತಿಸಿದ ಆ ದೊಡ್ಡ ಡಬ್ಬ ನಿಜಕ್ಕೂ ಹಾರ್ಡ್ ಡಿಸ್ಕೇ? ಅದರ ಹಿಂದಿದ್ದ ಮೇಷ್ಟ್ರು ಯಾರು?

ಫೋರ್ಕ್‌ಲಿಫ್ಟ್ ಮೇಲೆ ಆಳೆತ್ತರದ ಒಂದು ಪೆಟ್ಟಿಗೆ, ಅದನ್ನು ವಿಮಾನದೊಳಗೆ ಸೇರಿಸಲು ಹೆಣಗುತ್ತಿರುವ ಕೆಲವರು. ಈ ಕಪ್ಪು-ಬಿಳುಪು ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು 1956ರ 5 ಎಂಬಿ ಹಾರ್ಡ್ ಡಿಸ್ಕ್ ಎಂದು ಕೆಳಗೆ ಬರೆದಿರುತ್ತಾರೆ. ಸುಳ್ಳು ಫಾರ್ವರ್ಡ್‌ಗಳನ್ನು ನೋಡಿ ನೋಡಿ ಸಾಕಾದವರಿಗೆ ಇದೂ ಕಟ್ಟುಕತೆ ಅನ್ನಿಸಬಹುದು. ಆದರೆ ಈ ಫಾರ್ವರ್ಡ್ ಬಹುಮಟ್ಟಿಗೆ ನಿಜ. ಅದು ಐಬಿಎಂ 350 ಎಂಬ ಡಿಸ್ಕ್ ಘಟಕ, ತೂಕ ಸುಮಾರು 1 ಟನ್. ತಿದ್ದಬೇಕಾದದ್ದು ಒಂದೇ: ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಒಂದೊಂದಕ್ಕೆ 6 ಬಿಟ್. ಇವತ್ತಿನ 8 ಬಿಟ್‌ಗಳ ಬೈಟ್ ಲೆಕ್ಕದಲ್ಲಿ ಅದು ಸುಮಾರು 3.75 ಎಂಬಿ ಅಷ್ಟೇ.

ಈ ಫಾರ್ವರ್ಡ್‌ನಲ್ಲಿ ಯಾವತ್ತೂ ಕಾಣದ ಹೆಸರೊಂದಿದೆ: ರೆನಾಲ್ಡ್ ಜಾನ್ಸನ್.

1906ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ, ಸ್ವೀಡನ್‌ನಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವರು ಇವರು. ಹುಡುಗನಾಗಿದ್ದಾಗ ಇವರದೊಂದು ತುಂಟಾಟ ಇತ್ತು. ಅಕ್ಕಂದಿರನ್ನು ನೋಡಲು ಬರುತ್ತಿದ್ದ ಹುಡುಗರ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದುಬಿಡುವುದು. ಪೆನ್ಸಿಲ್ಲಿನ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಹಾಗಾಗಿ ಕರೆಂಟು ಗೆರೆಯ ಮೇಲೇ ಸೋರಿಹೋಗಿ ಒಳಗೆ ಕಿಡಿ ಹಾರುವುದಿಲ್ಲ, ಕಾರು ಸ್ಟಾರ್ಟ್ ಆಗುವುದಿಲ್ಲ.

ಮುಂದೆ ಜಾನ್ಸನ್ ಮಿಷಿಗನ್ ರಾಜ್ಯದ ಐರನ್‌ವುಡ್ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದರು. ಉತ್ತರಪತ್ರಿಕೆ ತಿದ್ದುವ ಕಷ್ಟ ಮೇಷ್ಟ್ರಿಗೇ ಗೊತ್ತು. ಆ ಹಳೆಯ ಪೆನ್ಸಿಲ್ ಉಪಾಯ ಇಲ್ಲಿ ಕೆಲಸಕ್ಕೆ ಬಂತು. ಮಕ್ಕಳು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಜಾಗದಲ್ಲಿ ವಿದ್ಯುತ್ ಹರಿಯುತ್ತದೆಯೇ ಎಂದು ನೋಡಿ ಅಂಕ ಎಣಿಸುವ ಯಂತ್ರ ಮಾಡಿದರು. 1934ರಲ್ಲಿ ಐಬಿಎಂ ಅವರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಆ ಯಂತ್ರ ಐಬಿಎಂ 805 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. (ನಮ್ಮ ಸಿಇಟಿಯ ಓಎಂಆರ್ ಹಾಳೆ ಇದರ ದೂರದ ಸಂಬಂಧಿ. ಆದರೆ ಅದನ್ನು ಓದುವುದು ಬೆಳಕಿನಿಂದ, ವಿದ್ಯುತ್ತಿನಿಂದಲ್ಲ.)

1952ರಲ್ಲಿ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳಿಸಿತು. ಅಲ್ಲಿ ಹೊಸ ಪ್ರಯೋಗಾಲಯ ಕಟ್ಟಬೇಕಿತ್ತು. ಆಗೆಲ್ಲ ಲೆಕ್ಕಪತ್ರ ಇರುತ್ತಿದ್ದದ್ದು ರಂಧ್ರ ಹೊಡೆದ ಕಾರ್ಡುಗಳಲ್ಲಿ. ಒಬ್ಬ ಗಿರಾಕಿಯ ಬಾಕಿ ಎಷ್ಟು ಎಂದು ತಿಳಿಯಲು ಕಾರ್ಡಿನ ಕಟ್ಟನ್ನೇ ಬಿಚ್ಚಿ ಹುಡುಕಬೇಕು. ಬೇಕಾದ ದಾಖಲೆಗೆ ನೇರವಾಗಿ ಕೈ ಹಾಕಲು ದಾರಿ ಇಲ್ಲವೇ ಎಂಬುದು ಪ್ರಶ್ನೆ. ಟೇಪು, ಕಡ್ಡಿ, ಉರುಳೆ ಎಲ್ಲವನ್ನೂ ತೂಗಿನೋಡಿದ ಜಾನ್ಸನ್ ತಂಡ ತಿರುಗುವ ತಟ್ಟೆಗಳನ್ನು ಆರಿಸಿತು. ಎಲ್ಲ ಅವರೊಬ್ಬರೇ ಮಾಡಿದರು ಅಂದರೆ ತಪ್ಪಾಗುತ್ತದೆ. ಲೂಯಿ ಸ್ಟೀವನ್ಸ್, ವಿಲಿಯಂ ಗೊಡಾರ್ಡ್, ಜಾನ್ ಲಿನೋಟ್ ಮುಂತಾದವರ ಪಾಲು ದೊಡ್ಡದು. ಹಟ ಹಿಡಿದು ತಂಡವನ್ನು ಮುನ್ನಡೆಸಿದ್ದು ಜಾನ್ಸನ್.

ತಟ್ಟೆಯ ಮೇಲೆ ಕಾಂತೀಯ ಬಣ್ಣ ಒಂದೇ ಸಮನೆ ಹರಡುವುದೇ ದೊಡ್ಡ ತಲೆನೋವಾಗಿತ್ತು. ಕೊನೆಗೆ ಸಿಕ್ಕ ಉಪಾಯ ಅಡುಗೆಮನೆಯದ್ದರಂತಿತ್ತು: ಹೆಂಗಸರ ರೇಷ್ಮೆ ಕಾಲುಚೀಲದಲ್ಲಿ ಬಣ್ಣ ಸೋಸಿ, ತಿರುಗುತ್ತಿರುವ ತಟ್ಟೆಯ ನಡುಭಾಗಕ್ಕೆ ಪೇಪರ್ ಕಪ್ಪಿನಿಂದ ಸುರಿಯುವುದು. ತಿರುಗುವ ರಭಸಕ್ಕೆ ಬಣ್ಣ ಅಂಚಿನತನಕ ತಾನೇ ಹರಡಿಕೊಳ್ಳುತ್ತಿತ್ತು. ಇನ್ನೊಂದು ಸಮಸ್ಯೆ, ಓದುವ-ಬರೆಯುವ ಹೆಡ್ ತಟ್ಟೆಗೆ ತಾಗದಂತೆ ನೋಡಿಕೊಳ್ಳುವುದು. ಅದಕ್ಕೆ ಒತ್ತಡದ ಗಾಳಿ ಊದಿ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಹೆಡ್ಡನ್ನು ತೇಲಿಸಿದರು.

1956ರ ಸೆಪ್ಟೆಂಬರಿನಲ್ಲಿ ಇದು 305 ರಾಮ್ಯಾಕ್ ಎಂಬ ಕಂಪ್ಯೂಟರಿನ ಭಾಗವಾಗಿ ಹೊರಬಂತು. 24 ಇಂಚು ಅಗಲದ 50 ತಟ್ಟೆಗಳು, ನಿಮಿಷಕ್ಕೆ 1200 ಸುತ್ತು. ಇಡೀ ವ್ಯವಸ್ಥೆಗೆ ತಿಂಗಳ ಬಾಡಿಗೆ 3200 ಡಾಲರ್. ಅಷ್ಟು ಕೊಟ್ಟರೂ ಜಾಗ ಸಾಲಲಿಲ್ಲ! 1958ರಲ್ಲೇ ಅದೇ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಘಟಕ ಜೋಡಿಸುವ ಸೌಲಭ್ಯ ಕೊಡಬೇಕಾಯಿತು.

ಇವತ್ತು ಮನೆಯ ಡೆಸ್ಕ್‌ಟಾಪಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕುವವರು ಮಾಡುವುದೂ ಅದನ್ನೇ. ಈಗ ಫೋರ್ಕ್‌ಲಿಫ್ಟ್ ಬೇಡ, ಸ್ಕ್ರೂಡ್ರೈವರ್ ಸಾಕು. ಪವರ್ ಕೇಬಲ್ ಕಿತ್ತಿಟ್ಟು ಕ್ಯಾಬಿನೆಟ್ ತೆರೆಯಿರಿ. ಡಿಸ್ಕನ್ನು ಅದರ ಜಾಗದಲ್ಲಿ ಕೂರಿಸಿ ಸ್ಕ್ರೂ ಬಿಗಿಮಾಡಿ. ತೆಳ್ಳಗಿನ ಸಾಟಾ ಕೇಬಲ್ಲನ್ನು ಮದರ್‌ಬೋರ್ಡಿಗೆ, ಅಗಲವಾದದ್ದನ್ನು ಎಸ್‌ಎಂಪಿಎಸ್‌ಗೆ ಜೋಡಿಸಿ. ಹೊರಗೆ ನೇತಾಡುವಂತೆ ಬಿಡಬೇಡಿ. ಹೆಡ್ ಈಗಲೂ ಗಾಳಿಯ ಮೇಲೆಯೇ ತೇಲುತ್ತದೆ, ಅಂತರ ಮಾತ್ರ ನ್ಯಾನೋಮೀಟರುಗಳಿಗೆ ಇಳಿದಿದೆ. ತಿರುಗುತ್ತಿರುವಾಗ ಡಿಸ್ಕ್ ಜೋರಾಗಿ ಅಲ್ಲಾಡಿದರೆ ಹೆಡ್ ತಟ್ಟೆಯನ್ನು ಗೀರಬಹುದು.

ಆನ್ ಮಾಡಿದಾಗ ಹೊಸ ಡಿಸ್ಕ್ ವಿಂಡೋಸ್‌ನಲ್ಲಿ ಕಾಣದಿದ್ದರೆ ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಇನಿಷಿಯಲೈಸ್ ಮಾಡಿ, ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿದ ಮೇಲೆಯೇ ಅದಕ್ಕೆ ಡಿ ಅಥವಾ ಇ ಅಂತ ಅಕ್ಷರ ಸಿಗುವುದು. ಜಿಪಿಟಿ, ಎಂಬಿಆರ್ ಯಾವುದು ಎಂದು ಕೇಳಿದರೆ ಜಿಪಿಟಿ ಆರಿಸಿ. ಹಳೆಯ ಎಂಬಿಆರ್ ವಿಧಾನದಲ್ಲಿ ಸುಮಾರು 2 ಟಿಬಿಯಿಂದಾಚೆಗಿನ ಜಾಗ ಸಾಮಾನ್ಯವಾಗಿ ಬಳಕೆಗೆ ಸಿಗುವುದಿಲ್ಲ.

ನಿಜವಾದ ಅಪಾಯ ಇರುವುದು ಹಳೆಯ ಡಿಸ್ಕಿನಲ್ಲಿ. ಕೆಟ್ಟುಹೋದ ಕಂಪ್ಯೂಟರಿನಿಂದ ಬಿಚ್ಚಿ ತಂದು, ಮದುವೆ ಫೋಟೋ ತೆಗೆಯೋಣ ಎಂದು ಜೋಡಿಸುತ್ತೀರಿ. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಕೇಳುತ್ತದೆ. ಅಲ್ಲಿ ಓಕೆ ಒತ್ತಬೇಡಿ, ಇನಿಷಿಯಲೈಸ್ ಕೂಡ ಮಾಡಬೇಡಿ. ಕ್ಯಾನ್ಸಲ್ ಮಾಡಿ, ಡೇಟಾ ರಿಕವರಿ ಗೊತ್ತಿರುವವರಿಗೆ ತೋರಿಸಿ. ಎರಡು ಡಿಸ್ಕ್ ಇದ್ದಾಗ ಫಾರ್ಮ್ಯಾಟ್‌ಗೆ ಮೊದಲು ಗಾತ್ರ ನೋಡಿ ಯಾವುದು ಯಾವುದೆಂದು ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ಡಿಸ್ಕ್ ಹಾಕಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದೆ ಎಂಬ ಮಾತೂ ಓಡಾಡುತ್ತಿದೆ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಕೆಲವು ಫೈಲುಗಳನ್ನು ಸಾಗಿಸಿ ತುಸು ಉಸಿರಾಡಬಹುದು, ಅಷ್ಟೇ. ವೇಗ ಬೇಕಿದ್ದರೆ ವಿಂಡೋಸನ್ನೇ ಎಸ್‌ಎಸ್‌ಡಿಗೆ ಹಾಕಬೇಕು. ಫೋಟೋಗಳನ್ನು ಎರಡನೇ ಡಿಸ್ಕಿಗೆ ಕಟ್ ಮಾಡಿ ಹಾಕಿದರೆ ಅದು ಬ್ಯಾಕಪ್ ಆಗುವುದಿಲ್ಲ, ಪ್ರತಿ ಇರುವುದು ಆಗಲೂ ಒಂದೇ. ಎರಡೂ ಕಡೆ ಇಟ್ಟರೂ ಒಂದು ಸಿಡಿಲಿಗೆ ಒಂದೇ ಡಬ್ಬದ ಎರಡೂ ಡಿಸ್ಕ್ ಹೋಗಬಹುದು. ಹೊರಗೆ ಬೇರೆ ಕಡೆ ಒಂದು ಪ್ರತಿ ಇರಲಿ.

ಜಾನ್ಸನ್ 1971ರಲ್ಲಿ ನಿವೃತ್ತರಾದರು, ಆಗ ಅವರ ಹೆಸರಿನಲ್ಲಿ 90ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ಆಮೇಲೂ ಸುಮ್ಮನೆ ಕೂರದೆ ಮಕ್ಕಳಿಗಾಗಿ ಮಾತಾಡುವ ಪುಸ್ತಕಗಳ ತಂತ್ರ ಕಂಡುಹಿಡಿದರು, ಮೇಷ್ಟ್ರ ಬುದ್ಧಿ ಬಿಡಲಿಲ್ಲ. 1986ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು. 1998ರ ಸೆಪ್ಟೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಫೋಟೋದಲ್ಲಿರುವಂಥದ್ದೇ ಒಂದು ಘಟಕವನ್ನು ದುರಸ್ತಿ ಮಾಡಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅದರ ತಟ್ಟೆಗಳು ಮತ್ತೆ ತಿರುಗಿವೆ. ಅವುಗಳ ಮೇಲೆ ಉಳಿದಿದ್ದ ಹಳೆಯ ಡೇಟಾವನ್ನೂ ಓದಿದ್ದಾರೆ.