ಪೆಲೆ ಬರುವ ಮುನ್ನ ಅಂಗಳ ಸಜ್ಜುಗೊಳಿಸಿದ ಗಾರ್ಡನ್ ಬ್ರಾಡ್ಲಿ

1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ಪಂದ್ಯ ಭಾರತದ ಫುಟ್‌ಬಾಲ್ ಪ್ರೇಮಿಗಳಿಗೆ ಚಿರಸ್ಮರಣೀಯ. ಅಂದು ಮೋಹನ್ ಬಾಗಾನ್ ವಿರುದ್ಧ ಅವರು ಕಣಕ್ಕಿಳಿದದ್ದು ನ್ಯೂಯಾರ್ಕ್ ಕಾಸ್ಮೋಸ್ ತಂಡದ ಪರವಾಗಿ. ಪಂದ್ಯ 2-2ರಿಂದ ಸಮವಾಯಿತು. ಆದರೆ ಆ ತಂಡವನ್ನು ಆರಂಭದಿಂದ ಬೆಳೆಸಿದ ಇಂಗ್ಲಿಷ್ ತರಬೇತುದಾರ ಗಾರ್ಡನ್ ಬ್ರಾಡ್ಲಿ ಅದೇ ವರ್ಷದ ಜುಲೈನಲ್ಲಿ ಹುದ್ದೆ ಕಳೆದುಕೊಂಡಿದ್ದರು.

ಬ್ರಾಡ್ಲಿ ಹುಟ್ಟಿದ್ದು 1933ರಲ್ಲಿ, ಕಲ್ಲಿದ್ದಲು ಗಣಿಗಳ ನಾಡಾದ ಡರ್ಹಮ್ ಪ್ರಾಂತ್ಯದ ಈಸಿಂಗ್ಟನ್‌ನಲ್ಲಿ. ತಾಯ್ನಾಡಿನಲ್ಲಿ ಅವರು ತಾರೆಯಾಗಿರಲಿಲ್ಲ. ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ, ಕಾರ್ಲೈಲ್ ಯುನೈಟೆಡ್‌ನಂಥ ಕೆಳ ವಿಭಾಗಗಳ ತಂಡಗಳಲ್ಲಿ ಆಡಿದವರು. 1963ರಲ್ಲಿ ಅಟ್ಲಾಂಟಿಕ್ ದಾಟಿ ಕೆನಡಾದ ಟೊರೊಂಟೊ ಸೇರಿದರು. ಮುಂದೆ ನ್ಯೂಯಾರ್ಕ್ ಜನರಲ್ಸ್ ತಂಡಕ್ಕೆ ಬಂದ ಅವರಿಗೆ 1968ರಲ್ಲಿ ಒಂದು ಕಠಿಣ ಕೆಲಸ ಎದುರಾಯಿತು. ಯಾಂಕಿ ಕ್ರೀಡಾಂಗಣಕ್ಕೆ ಬಂದ ಸ್ಯಾಂಟೋಸ್ ತಂಡದ ಪೆಲೆಯನ್ನು ತಡೆಯುವ ಹೊಣೆ ಅವರದಾಗಿತ್ತು. ಜನರಲ್ಸ್ 5-3ರಿಂದ ಗೆದ್ದಿತು.

1971ರಲ್ಲಿ ಕಾಸ್ಮೋಸ್ ಸ್ಥಾಪನೆಯಾದಾಗ ಬ್ರಾಡ್ಲಿ ಅದರ ಮೊದಲ ತರಬೇತುದಾರ, ಆಟಗಾರರೂ ಹೌದು. ಬೇಸ್‌ಬಾಲ್‌ನಲ್ಲಿ ಮುಳುಗಿದ್ದ ನಗರದಲ್ಲಿ ಕಾಲ್ಚೆಂಡಿನಾಟಕ್ಕೆ ಪ್ರೇಕ್ಷಕರು ವಿರಳ. ಆದರೂ 1972ರಲ್ಲಿ ಸೇಂಟ್ ಲೂಯಿಸ್ ಸ್ಟಾರ್ಸ್ ತಂಡವನ್ನು 2-1ರಿಂದ ಸೋಲಿಸಿ ಕಾಸ್ಮೋಸ್ ಉತ್ತರ ಅಮೆರಿಕಾ ಲೀಗ್ ಪ್ರಶಸ್ತಿ ಗೆದ್ದಿತು. 1973ರಲ್ಲಿ ಬ್ರಾಡ್ಲಿ ಅಮೆರಿಕಾದ ರಾಷ್ಟ್ರೀಯ ತಂಡಕ್ಕೂ ತರಬೇತಿ ನೀಡಿದರು. ಒಂದು ಪಂದ್ಯದಲ್ಲಿ ಸ್ವತಃ ಆಡಿದರು.

1975ರ ಜೂನ್ 15ರಂದು ರಾಂಡಲ್ಸ್ ದ್ವೀಪದ ಡೌನಿಂಗ್ ಕ್ರೀಡಾಂಗಣದಲ್ಲಿ ಪೆಲೆ ಕಾಸ್ಮೋಸ್ ಪರ ಮೊದಲ ಬಾರಿ ಆಡಿ, ಗೋಲನ್ನೂ ಹೊಡೆದರು. ಹುಲ್ಲಿಲ್ಲದ ನೆಲ ಟಿವಿಯಲ್ಲಿ ಹಸಿರಾಗಿ ಕಾಣಲೆಂದು ಅದಕ್ಕೆ ಬಣ್ಣ ಬಳಿಯಲಾಗಿತ್ತು! ಡಲ್ಲಾಸ್ ಟಾರ್ನೆಡೊ ವಿರುದ್ಧದ ಆ ಪಂದ್ಯವೂ 2-2ರಿಂದ ಸಮವಾಯಿತು. ಏಳು ವರ್ಷಗಳ ಹಿಂದೆ ಪೆಲೆಗೆ ಅಡ್ಡ ನಿಂತಿದ್ದವರು ಈಗ ಅವರ ಗುರುವಿನ ಸ್ಥಾನದಲ್ಲಿದ್ದರು.

ತಾರೆಯರು ಬಂದ ಮೇಲೆ ತಂಡದ ಸ್ವರೂಪವೇ ಬದಲಾಯಿತು. 1976ರ ಆರಂಭದಲ್ಲಿ ಬ್ರಾಡ್ಲಿಯವರ ಜಾಗಕ್ಕೆ ಕೆನ್ ಫರ್ಫಿ ಬಂದರು. ಅದೇ ವರ್ಷ ಬ್ರಾಡ್ಲಿ ಮತ್ತೆ ಮರಳಿದರು. ಇಟಲಿಯಿಂದ ಬಂದ ಜಾರ್ಜಿಯೊ ಚಿನಾಗ್ಲಿಯಾ, ಜರ್ಮನಿಯ ಬೆಕನ್‌ಬಾಯರ್ ತಂಡದಲ್ಲಿದ್ದರೂ 1977ರ ಋತುವಿನ ನಡುವೆ ಅವರನ್ನು ಬದಲಿಸಿ ಎಡ್ಡಿ ಫರ್ಮಾನಿಯವರನ್ನು ನೇಮಿಸಲಾಯಿತು. ಆಗಸ್ಟ್ 28ರಂದು ಕಾಸ್ಮೋಸ್ ಪ್ರಶಸ್ತಿ ಎತ್ತಿಹಿಡಿಯಿತು. ಬಿತ್ತಿದವರೊಬ್ಬರು, ಬೆಳೆ ಕೊಯ್ದವರು ಇನ್ನೊಬ್ಬರು.

ಬ್ರಾಡ್ಲಿ ಕೈಕಟ್ಟಿ ಕೂರಲಿಲ್ಲ. 1978ರಿಂದ 1980ರವರೆಗೆ ವಾಷಿಂಗ್ಟನ್ ಡಿಪ್ಲೊಮ್ಯಾಟ್ಸ್ ತಂಡವನ್ನು ಮುನ್ನಡೆಸಿದರು. ಕೊನೆಯ ವರ್ಷ ಡಚ್ ತಾರೆ ಯೋಹಾನ್ ಕ್ರೈಫ್ ಅವರ ಬಳಿ ಆಡಿದರು. 1984ರ ಋತುವಿನ ನಂತರ ಲೀಗ್ ಮುಚ್ಚಿತು. ಹಲವರು ಅಮೆರಿಕಾ ಬಿಟ್ಟರೂ ಬ್ರಾಡ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 1985ರಿಂದ 2000ದವರೆಗೆ ವಿದ್ಯಾರ್ಥಿಗಳಿಗೆ ತರಬೇತಿ ನೀಡಿದರು. 1996ರಲ್ಲಿ ಅಮೆರಿಕಾದ ಫುಟ್‌ಬಾಲ್ ಗೌರವ ಪಟ್ಟಿಯಲ್ಲಿ ಅವರ ಹೆಸರು ಸೇರಿತು.

2008ರ ಏಪ್ರಿಲ್ 29ರಂದು ಅವರು ನಿಧನರಾದರು. ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ್ದು ನೆನಪನ್ನೇ ಅಳಿಸುವ ಆಲ್ಝೈಮರ್ಸ್ ಕಾಯಿಲೆ. ಅಮೆರಿಕಾದ ಕಾಲ್ಚೆಂಡಿನಾಟವಂತೂ ಅವರನ್ನು ಮರೆಯುವಂತಿಲ್ಲ.