ಕೂದಲೆಳೆಗಿಂತ ಸಣ್ಣ ಸಂದಿ: ರಾಬರ್ಟ್ ಬಾಷ್ ಅವರ ಬದುಕು

ಊರಿನ ಹಳೇ ಟ್ರ್ಯಾಕ್ಟರ್ ಒಂದನ್ನ ನೆನಪಿಸಿಕೊಳ್ಳಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಹೊಲದಲ್ಲಿ ಎರಡು ಗಂಟೆ ಉಳುಮೆ ಮಾಡಿ, ಊಟಕ್ಕೆ ಅಂತ ಆಫ್ ಮಾಡಿದರೆ ಮುಗೀತು, ಮತ್ತೆ ಸ್ಟಾರ್ಟ್ ಆಗೋದೇ ಇಲ್ಲ. ಇಂಜಿನ್ ತಣ್ಣಗಾಗೋವರೆಗೂ ಮರದ ನೆರಳಲ್ಲಿ ಕಾಯಬೇಕು. ಬ್ಯಾಟರಿ ಬದಲಿಸಿ ಆಯ್ತು, ಫಿಲ್ಟರ್ ಬದಲಿಸಿ ಆಯ್ತು, ಏರ್ ತೆಗೆದು ಆಯ್ತು. ಕೊನೆಗೆ ಮೆಕ್ಯಾನಿಕ್ ಇಂಜಿನ್ ಪಕ್ಕದಲ್ಲಿರೋ ಪಂಪ್ ಕಡೆ ಕೈ ತೋರಿಸಿ, ಇದು ಸವೆದಿದೆ, ಬಿಚ್ಚಿಕೊಂಡು ಪೇಟೆಗೆ ಹೋಗಬೇಕು ಅಂತಾನೆ. ನಮ್ಮ ಕಡೆ ಎಷ್ಟೋ ಜನ ಆ ಪಂಪಿಗೆ ಮೈಕೋ ಪಂಪ್ ಅಂತಲೇ ಹೇಳ್ತಾರೆ.

ಆ ಪಂಪಿನ ಹಿಂದೆ ಒಬ್ಬ ಮನುಷ್ಯನ ಕಥೆ ಇದೆ. ಅವರು ಇಂಜಿನಿಯರಿಂಗ್ ಡಿಗ್ರಿ ಮುಗಿಸಿದವರಲ್ಲ. ಡೀಸೆಲ್ ಇಂಜಿನ್ ಕಂಡುಹಿಡಿದವರೂ ಅಲ್ಲ. ಅಷ್ಟೇ ಅಲ್ಲ, ಡೀಸೆಲ್ ಇಂಜಿನ್ ಗೆದ್ದರೆ ಅವರ ಅನ್ನಕ್ಕೇ ಕಲ್ಲು ಬೀಳುತ್ತಿತ್ತು. ಆದರೂ ಆ ಇಂಜಿನ್ನು ಲಾರಿ, ಟ್ರ್ಯಾಕ್ಟರುಗಳೊಳಗೆ ಬಂದು ಕೂರುವಂತೆ ಮಾಡಿದವರಲ್ಲಿ ಅವರ ಹೆಸರು ದೊಡ್ಡದು. ಅವರೇ ರಾಬರ್ಟ್ ಬಾಷ್.

1861ರ ಸೆಪ್ಟೆಂಬರ್ 23ರಂದು ಜರ್ಮನಿಯ ಉಲ್ಮ್ ನಗರದ ಹತ್ತಿರ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಅವರು ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಅಪ್ಪನಿಗೆ ಜಮೀನಿತ್ತು, ದಾರಿಹೋಕರಿಗೆ ಊಟ-ವಸತಿ ಕೊಡುವ ಹೋಟೆಲ್ಲೂ ಇತ್ತು. ಹುಡುಗನಿಗೆ ಇಷ್ಟವಾಗಿದ್ದದ್ದು ಗಿಡಮರ, ಪ್ರಾಣಿಗಳು. ಯಂತ್ರದ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಶಾಲೆ ಮುಗಿದ ಮೇಲೆ ಅಪ್ಪನ ಮಾತಿನಂತೆ 1876ರಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಒಬ್ಬ ಕುಶಲಕರ್ಮಿಯ ಬಳಿ ಸೇರಿದರು. ಅಲ್ಲಿ ಕಲಿಸುವವರಿಗೇ ಕಲಿಸುವ ಮನಸ್ಸಿರಲಿಲ್ಲ. ಆ ಮೂರು ವರ್ಷದ ಬೇಸರ ಬಾಷ್ ಅವರ ಮನಸ್ಸಿನಲ್ಲಿ ಕೊನೆವರೆಗೂ ಉಳಿಯಿತು. ಮುಂದೆ 1913ರಲ್ಲಿ ತಮ್ಮದೇ ಕಾರ್ಖಾನೆಯಲ್ಲಿ ಹುಡುಗರಿಗೆ ಕೆಲಸ ಕಲಿಸಲು ಪ್ರತ್ಯೇಕ ವಿಭಾಗವನ್ನೇ ತೆರೆದರು.

ಆಮೇಲೆ ಊರೂರು ಅಲೆದಾಟ. ಜರ್ಮನಿಯ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ. ನಡುವೆ ಸ್ಟುಟ್‌ಗಾರ್ಟಿನ ತಾಂತ್ರಿಕ ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಕೇಳಿದರು, ಅದೂ ರೆಗ್ಯುಲರ್ ವಿದ್ಯಾರ್ಥಿಯಾಗಿ ಅಲ್ಲ. ಅಲ್ಲಿ ಸಿಕ್ಕ ದೊಡ್ಡ ಲಾಭ ಅಂದರೆ ವೋಲ್ಟೇಜ್, ಕರೆಂಟ್ ಮುಂತಾದ ತಾಂತ್ರಿಕ ಪದಗಳ ಬಗ್ಗೆ ಇದ್ದ ಭಯ ಹೋಯಿತು, ಅಷ್ಟೇ. ನಾಲ್ಕು ವರ್ಷ ಓದಿಯೂ ಆ ಭಯ ಪೂರ್ತಿ ಹೋಗದ ನಮ್ಮಂಥವರು ಇದನ್ನು ಸ್ವಲ್ಪ ಯೋಚಿಸಬೇಕು! 1884ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಎಡಿಸನ್ ಅವರ ಕಾರ್ಖಾನೆಯಲ್ಲಿ ದುಡಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡಿದರು.

1886ರ ನವೆಂಬರ್ 15ರಂದು, ಇಪ್ಪತ್ತೈದನೇ ವಯಸ್ಸಿನಲ್ಲಿ, ಸ್ಟುಟ್‌ಗಾರ್ಟಿನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಬಂಡವಾಳ ಅಪ್ಪನ ಆಸ್ತಿಯಿಂದ ಬಂದ 10,000 ಮಾರ್ಕ್. ಜೊತೆಗೆ ಒಬ್ಬ ಕೆಲಸಗಾರ, ಓಡಾಡಿ ಕೆಲಸ ಮಾಡಲು ಒಬ್ಬ ಹುಡುಗ. ಟೆಲಿಫೋನ್ ಹಾಕಿಕೊಡುವುದು, ಕರೆಗಂಟೆ ಕೂಡಿಸುವುದು, ಯಾವ ಕೆಲಸ ಬಂದರೂ ಸೈ. ಗಿರಾಕಿಗಳ ಮನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಆಗ ಸೈಕಲ್ ಅಂದರೆ ಊರೇ ತಿರುಗಿ ನೋಡುವ ವಸ್ತು. ಮೊದಲ ಹತ್ತು ವರ್ಷ ಕಷ್ಟದವೇ. ಸಾಲ, ಕೆಲಸದ ಅಭಾವ, ಇಟ್ಟುಕೊಂಡ ಜನರನ್ನೇ ಮನೆಗೆ ಕಳಿಸಬೇಕಾದ ಸಂದರ್ಭ, ಎಲ್ಲವನ್ನೂ ಕಂಡರು.

ಅವರ ಕೈ ಹಿಡಿದದ್ದು ಮ್ಯಾಗ್ನೆಟೋ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಕೊಡುವ ಸಾಧನ ಅದು. 1887ರಲ್ಲಿ ಗಿರಾಕಿಯೊಬ್ಬರು ಕೇಳಿದರು ಅಂತ, ಆಗಲೇ ಬಳಕೆಯಲ್ಲಿದ್ದ ಮಾದರಿಯೊಂದನ್ನು ನೋಡಿ, ಅದನ್ನು ಸುಧಾರಿಸಿ ಕಟ್ಟಿಕೊಟ್ಟರು. ಅದು ಒಂದೇ ಕಡೆ ನಿಂತು ನಿಧಾನ ತಿರುಗುವ ಇಂಜಿನ್ನಿಗೆ ಸಾಕಾಗುತ್ತಿತ್ತು. 1897ರಲ್ಲಿ ಮೂರು ಚಕ್ರದ ಮೋಟಾರು ಗಾಡಿಯೊಂದಕ್ಕೆ ಅದನ್ನು ಕೂಡಿಸುವ ಸವಾಲು ಬಂತು. ಆ ಇಂಜಿನ್ ಹಲವು ಪಟ್ಟು ಜೋರಾಗಿ ತಿರುಗುತ್ತಿತ್ತು. ಬಾಷ್ ಅವರ ಕೆಲಸಗಾರ ಆರ್ನಾಲ್ಡ್ ಝೇರಿಂಗರ್ ಭಾರದ ಆರ್ಮೇಚರನ್ನು ಆಡಿಸುವ ಬದಲು ಅದರ ಸುತ್ತ ಒಂದು ಹಗುರ ಕವಚವನ್ನು ಮಾತ್ರ ಆಡಿಸುವ ಉಪಾಯ ಹುಡುಕಿದರು. ಸಮಸ್ಯೆ ಬಗೆಹರಿಯಿತು. 1902ರಲ್ಲಿ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ಸಿದ್ಧಮಾಡಿದರು. ಆಮೇಲೆ ಬಾಷ್ ಹೆಸರು ದೇಶದೇಶಕ್ಕೂ ಹೋಯಿತು. ಗಮನಿಸಿ, ಎರಡೂ ಕಡೆ ಬುದ್ಧಿ ಓಡಿಸಿದ್ದು ಕೆಳಗಿನವರು. ಬಾಷ್ ಅವರ ಗುಣ ಅಂದರೆ ಅಂಥವರನ್ನು ಗುರುತಿಸಿ ಅವರಿಗೆ ಜಾಗ ಬಿಟ್ಟುಕೊಟ್ಟದ್ದು.

1906ರಲ್ಲೇ ಕಾರ್ಖಾನೆಯಲ್ಲಿ ಎಂಟು ಗಂಟೆಯ ದುಡಿಮೆ ಜಾರಿಗೆ ತಂದರು. ಕೂಲಿಯೂ ಚೆನ್ನಾಗಿತ್ತು. ಇದನ್ನು ಸಹಿಸದ ಬೇರೆ ಮಾಲೀಕರು ಅವರಿಗೆ ಕೆಂಪು ಬಾಷ್ ಅಂತ ಅಡ್ಡಹೆಸರಿಟ್ಟರು. ಹಾಗಂತ ಎಲ್ಲವೂ ಸರಾಗ ಅಲ್ಲ. 1913ರಲ್ಲಿ ಅವರ ಕಾರ್ಖಾನೆಯಲ್ಲೇ ದೊಡ್ಡ ಮುಷ್ಕರ ನಡೆಯಿತು, ಅದು ಅವರಿಗೆ ಬಹಳ ನೋವು ಕೊಟ್ಟಿತು. ಮನೆಯಲ್ಲೂ ದುಃಖವಿತ್ತು. ತಮ್ಮ ನಂತರ ಕಂಪನಿ ನೋಡಿಕೊಳ್ಳಬೇಕಾಗಿದ್ದ ಮಗ ದೀರ್ಘ ಕಾಯಿಲೆಯಿಂದ 1921ರಲ್ಲಿ ತೀರಿಕೊಂಡ.

ಅದರ ಮರುವರ್ಷ, 1922ರ ಕೊನೆಗೆ, ಅರವತ್ತೊಂದರ ಬಾಷ್ ಡೀಸೆಲ್ ಪಂಪ್ ತಯಾರಿಸುವ ತೀರ್ಮಾನ ತೆಗೆದುಕೊಂಡರು. ಈ ತೀರ್ಮಾನದ ತೂಕ ಅರ್ಥವಾಗಬೇಕಾದರೆ ಒಂದು ವಿಷಯ ನೆನಪಿಡಿ. ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಲ್ಲೇ ಅದು ಉರಿಯುತ್ತೆ. ಅಂದರೆ ಡೀಸೆಲ್ ಬಂದಲ್ಲಿ ಮ್ಯಾಗ್ನೆಟೋಗೂ ಸ್ಪಾರ್ಕ್ ಪ್ಲಗ್ಗಿಗೂ ಕೆಲಸವಿಲ್ಲ. ಬಾಷ್ ಅದನ್ನು ತಡೆಯಲು ಹೋಗಲಿಲ್ಲ. ಆ ಇಂಜಿನ್ನಿಗೆ ಏನು ಕೊರತೆ ಇದೆ ಅಂತ ನೋಡಿದರು.

ಕೊರತೆ ಇದ್ದದ್ದು ಇಂಧನ ಒಳಗೆ ಬಿಡುವ ವಿಧಾನದಲ್ಲಿ. ರುಡಾಲ್ಫ್ ಡೀಸೆಲ್ ಅವರ ಮೂಲ ಇಂಜಿನ್ನಿನಲ್ಲಿ ಇಂಧನವನ್ನು ಒಳಗೆ ಊದಲು ಒತ್ತಿದ ಗಾಳಿ ಬೇಕಿತ್ತು, ಅದಕ್ಕೊಂದು ಭಾರಿ ಕಂಪ್ರೆಸರ್ ಬೇಕಿತ್ತು. ಹಡಗಿನಲ್ಲೋ ಕಾರ್ಖಾನೆಯಲ್ಲೋ ಅದು ನಡೆಯುತ್ತೆ, ಗಾಡಿಯಲ್ಲಿ ನಡೆಯಲ್ಲ. ಗಾಳಿ ಇಲ್ಲದೆ, ಇಂಧನವನ್ನೇ ಒತ್ತಿ ಚಿಮ್ಮಿಸುವ ಪಂಪ್ ಬೇಕಿತ್ತು. ಹಲವರು ಆಗಲೇ ಅಂಥ ಪಂಪ್ ಮಾಡಿದ್ದರು. ಆದರೆ ಒಂದು ಚೆನ್ನಾಗಿ ಮಾಡುವುದು ಬೇರೆ, ಸಾವಿರ ಪಂಪುಗಳನ್ನು ಒಂದೇ ಅಳತೆಗೆ ಮಾಡುವುದು ಬೇರೆ. ಐದು ವರ್ಷ ಹಿಡಿಯಿತು. 1927ರಲ್ಲಿ ಬಾಷ್ ಕಾರ್ಖಾನೆಯಿಂದ ಪಂಪುಗಳು ಸಾಲಾಗಿ ಹೊರಬಂದವು.

ಎಷ್ಟು ಕಷ್ಟದ ಕೆಲಸ ಅಂತ ಲೆಕ್ಕ ಹಾಕೋಣ. ಫೋರ್ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿಗೂ ನಿಮಿಷಕ್ಕೆ 1000 ಸಲ, ಅಂದರೆ ಸೆಕೆಂಡಿಗೆ ಸುಮಾರು 16 ಸಲ ಡೀಸೆಲ್ ಚಿಮ್ಮಬೇಕು. ಪ್ರತಿ ಸಲ ಹೆಚ್ಚೆಂದರೆ ಒಂದು ಹನಿಯಷ್ಟು. ಅದೂ ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ. ಎಲ್ಲ ಸಿಲಿಂಡರಿಗೂ ಸಮನಾಗಿ. ಪಂಪಿನೊಳಗೆ ಸಿಲಿಂಡರಿಗೊಂದರಂತೆ ಎಲಿಮೆಂಟ್ ಇರುತ್ತೆ, ಅಂದರೆ ಒಂದು ಬ್ಯಾರಲ್, ಅದರಲ್ಲಿ ಏರಿಳಿಯುವ ಒಂದು ಪ್ಲಂಜರ್. ಪ್ಲಂಜರಿನ ಮೈಮೇಲೆ ಓರೆಯಾದ ಒಂದು ಗಾಡಿ. ಆಕ್ಸಿಲರೇಟರ್ ಒತ್ತಿದಾಗ ರ‍್ಯಾಕ್ ಸರಿದು ಪ್ಲಂಜರ್ ಸ್ವಲ್ಪ ತಿರುಗುತ್ತೆ, ಓರೆ ಗಾಡಿ ಬೇಗ ಅಥವಾ ತಡವಾಗಿ ರಂಧ್ರ ತೆರೆಯುತ್ತೆ, ಡೀಸೆಲ್ಲಿನ ಪ್ರಮಾಣ ಬದಲಾಗುತ್ತೆ. ಪ್ಲಂಜರ್ ಮತ್ತು ಬ್ಯಾರಲ್ ನಡುವೆ ರಬ್ಬರ್ ಸೀಲ್ ಇಲ್ಲ, ರಿಂಗ್ ಇಲ್ಲ. ಇರುವುದು ಎರಡು ಮೂರು ಮೈಕ್ರಾನ್ ಸಂದಿ ಮಾತ್ರ. ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತೈದನೇ ಒಂದು ಪಾಲು ಅಂತ ಇಟ್ಟುಕೊಳ್ಳಿ. ಎರಡನ್ನೂ ಜೋಡಿಯಾಗಿ ತಿಕ್ಕಿ ಹೊಂದಿಸಿರುತ್ತಾರೆ. ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ಹಾಕುವಂತಿಲ್ಲ.

ಈಗ ಮರದ ನೆರಳಲ್ಲಿ ನಿಂತ ನಮ್ಮ ಟ್ರ್ಯಾಕ್ಟರಿಗೆ ಬನ್ನಿ. ಪ್ಲಂಜರಿಗೆ ಜಾರುವಿಕೆ ಕೊಡುವುದು ಡೀಸೆಲ್ಲೇ. ಅದರಲ್ಲಿ ನೀರು, ಧೂಳು ಸೇರಿದರೆ ಉಕ್ಕಿನ ಮೈ ಗೀಚುತ್ತೆ, ಸಂದಿ ಹಿಗ್ಗುತ್ತೆ. ಸೆಲ್ಫ್ ಹೊಡೆಯುವಾಗ ಇಂಜಿನ್ ತಿರುಗುವುದು ಕೆಲಸದ ವೇಗದ ಹತ್ತನೇ ಒಂದು ಪಾಲಿನಷ್ಟು. ಹಾಗಾಗಿ ಪ್ಲಂಜರ್ ಮೇಲೇರಲು ಹತ್ತು ಪಟ್ಟು ಸಮಯ, ಸಂದಿಯಲ್ಲಿ ಡೀಸೆಲ್ ಸೋರಿಹೋಗಲೂ ಹತ್ತು ಪಟ್ಟು ಸಮಯ. ಬಿಸಿಯಾದ ಡೀಸೆಲ್ ತೆಳುವಾಗುವುದರಿಂದ ಇನ್ನೂ ಬೇಗ ಸೋರುತ್ತೆ. ನಾಜಲ್ ತೆರೆಯುವಷ್ಟು ಒತ್ತಡವೇ ಏರಲ್ಲ. ಇಂಜಿನ್ನಿನ ಕಂಪ್ರೆಷನ್ ಹೋಗಿದ್ದರೆ ಸಾಮಾನ್ಯವಾಗಿ ತಣ್ಣಗಿದ್ದಾಗ ಕಷ್ಟ. ಪಂಪ್ ಸವೆದಿದ್ದರೆ ಬಿಸಿ ಇದ್ದಾಗ ಕಷ್ಟ. ಅದಕ್ಕೇ ಅನುಭವಸ್ಥರು ಇಂಜಿನ್ ಆಫ್ ಇರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿ ನೋಡ್ತಾರೆ. ಆಗ ಸ್ಟಾರ್ಟ್ ಆದರೆ ಅನುಮಾನ ಪಂಪಿನ ಮೇಲೇ. ಪಂಪಿಗೆ ಬೇರೆ ಆಯಿಲ್ ಇದ್ದರೆ ಅದರ ಮಟ್ಟವನ್ನೂ ನೋಡಬೇಕು. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಸೋರಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಂತೆ.

ಹಾಗಂತ ಮೊದಲೇ ಪಂಪ್ ಬಿಚ್ಚಬಾರದು. ಟ್ಯಾಂಕ್, ಫಿಲ್ಟರ್, ಫೀಡ್ ಪಂಪ್, ಗಾಳಿ, ನಾಜಲ್, ಈ ಕ್ರಮದಲ್ಲಿ ಅಗ್ಗದ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು. ನಾಜಲ್ ಚಿಮ್ಮುವ ಕಡೆ ಕೈ ಒಡ್ಡಲೇಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಕೊನೆಗೂ ಪಂಪೇ ಅಂತಾದರೆ, ಗುರುತು ಹಾಕಿ ಬಿಚ್ಚಿ ಕ್ಯಾಲಿಬ್ರೇಶನ್ ಮಾಡುವವರ ಬಳಿ ಒಯ್ಯಬೇಕು. ಅಲ್ಲಿ ಪಂಪನ್ನು ಬೆಂಚಿನ ಮೇಲೆ ತಿರುಗಿಸಿ, ಒಂದೊಂದು ಎಲಿಮೆಂಟೂ ಎಷ್ಟು ಡೀಸೆಲ್ ಕೊಡುತ್ತೆ ಅಂತ ಗಾಜಿನ ಅಳತೆ ಕೊಳವೆಗಳಲ್ಲಿ ಹಿಡಿದು ನೋಡ್ತಾರೆ. ಸವೆದ ಎಲಿಮೆಂಟನ್ನು ಜೋಡಿಯಾಗಿಯೇ ಬದಲಿಸಿ, ಎಲ್ಲವೂ ಸಮ ಆಗೋವರೆಗೂ ಹೊಂದಿಸ್ತಾರೆ. ಮತ್ತೆ ಟೈಮಿಂಗ್ ನೋಡಿ ಕೂಡಿಸಿ, ಗಾಳಿ ತೆಗೆದರೆ ಟ್ರ್ಯಾಕ್ಟರ್ ಮಧ್ಯಾಹ್ನವೂ ಸ್ಟಾರ್ಟ್ ಆಗುತ್ತೆ. 1927ರ ಆ ಕಾರ್ಖಾನೆಯ ಶಿಸ್ತನ್ನೇ ನಮ್ಮ ತಾಲ್ಲೂಕು ಪೇಟೆಯ ಒಂದು ಚಿಕ್ಕ ಕೋಣೆಯಲ್ಲಿ ಮತ್ತೆ ಮಾಡಿದಂತೆ.

ಬಾಷ್ ಅವರಿಗೆ ಮಣ್ಣಿನ ನಂಟು ಬಿಟ್ಟಿರಲಿಲ್ಲ. ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ ಜೌಗು ನೆಲ ಕೊಂಡು, ಅದನ್ನು ಹಸನು ಮಾಡಿ ದೊಡ್ಡ ತೋಟದಮನೆ, ದನಕರು ಇಟ್ಟುಕೊಂಡಿದ್ದರು. ಹಣಕ್ಕಿಂತ ಜನರ ನಂಬಿಕೆ ದೊಡ್ಡದು, ಕೆಟ್ಟ ಮಾಲು ಕಳಿಸಿ ಹೆಸರು ಕಳೆದುಕೊಳ್ಳುವುದಕ್ಕಿಂತ ನಷ್ಟವೇ ಲೇಸು ಎಂಬುದು ಅವರ ನಿಲುವಾಗಿತ್ತು.

ಆ ನಿಲುವಿಗೆ ಕಠಿಣ ಪರೀಕ್ಷೆ ಬಂದದ್ದು ಹಿಟ್ಲರ್ ಕಾಲದಲ್ಲಿ. ಬಾಷ್ ಆ ಆಡಳಿತವನ್ನು ಒಪ್ಪಲಿಲ್ಲ. ಕಿರುಕುಳಕ್ಕೆ ಒಳಗಾದ ಯಹೂದಿಗಳಿಗೆ ಸಹಾಯ ಮಾಡಿದರು. ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್ ಅವರನ್ನು 1937ರಲ್ಲಿ ಕಂಪನಿಯ ಸಲಹೆಗಾರರಾಗಿ ಇಟ್ಟುಕೊಂಡು ಆಸರೆ ಕೊಟ್ಟರು. ಗೋರ್ಡೆಲರ್ ಅವರನ್ನು 1945ರಲ್ಲಿ ಗಲ್ಲಿಗೇರಿಸಲಾಯಿತು. ಆದರೆ ಅದೇ ಕಂಪನಿ ಯುದ್ಧಕ್ಕೆ ಬೇಕಾದ ಸಾಮಾನನ್ನೂ ತಯಾರಿಸಿತು, ಬಲವಂತವಾಗಿ ಹಿಡಿದು ತಂದ ಸಾವಿರಾರು ಜನರನ್ನು ದುಡಿಸಿಕೊಂಡಿತು. ಎಂಟು ಗಂಟೆಯ ದುಡಿಮೆ ತಂದವರ ಹೆಸರಿನ ಕಾರ್ಖಾನೆಯಲ್ಲೇ ಇದು ನಡೆಯಿತು. ಅವರ ಬದುಕು ಬರೆಯುವಾಗ ಈ ಎರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ.

1942ರ ಮಾರ್ಚ್ 12ರಂದು ಬಾಷ್ ಸ್ಟುಟ್‌ಗಾರ್ಟಿನಲ್ಲಿ ತೀರಿಕೊಂಡರು. ಅವರು ಮೆಚ್ಚದ ಸರ್ಕಾರವೇ ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಅವರ ಇಚ್ಛೆಯಂತೆ 1964ರಲ್ಲಿ ಕಂಪನಿಯ ಬಹುಪಾಲು ಷೇರು ಸಮಾಜಸೇವೆಯ ಸಂಸ್ಥೆಯೊಂದರ ಕೈಗೆ ಹೋಯಿತು. ಇವತ್ತಿಗೂ ಆ ಪಾಲಿನ ಲಾಭ ಆರೋಗ್ಯ, ಶಿಕ್ಷಣದಂಥ ಕೆಲಸಗಳಿಗೆ ಹೋಗುತ್ತೆ.

ಬಾಷ್ ಬೆಂಗಳೂರನ್ನು ನೋಡಲಿಲ್ಲ. ಅವರು ಹೋಗಿ ಒಂಬತ್ತು ವರ್ಷದ ಮೇಲೆ, 1951ರಲ್ಲಿ, ಇಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ಅದೇ ಮೈಕೋ. ಆಡುಗೋಡಿಯ ಕಾರ್ಖಾನೆಯಲ್ಲಿ ನಮ್ಮವರ ಕೈಗಳೇ ಆ ಸಣ್ಣ ಸಂದಿಯ ಎಲಿಮೆಂಟುಗಳನ್ನು ತಯಾರಿಸಿದವು. ಮೈಕೋ ಲೇಔಟ್ ಅಂತ ಬಡಾವಣೆಗೇ ಹೆಸರು ಬಂತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಅಂತ ಬದಲಾಯಿತು, ಹಳ್ಳಿಯ ಬಾಯಲ್ಲಿ ಮಾತ್ರ ಮೈಕೋ ಹಾಗೇ ಉಳಿದಿದೆ.

ಮುಂದಿನ ಸಲ ಊರಿಗೆ ಹೋದಾಗ ಯಾರದ್ದಾದರೂ ಪಂಪ್ ಬಿಚ್ಚುತ್ತಿದ್ದರೆ ಹತ್ತು ನಿಮಿಷ ನಿಂತು ನೋಡಿ. ಡೀಸೆಲ್ಲಿನಲ್ಲಿ ತೊಳೆದ ಪ್ಲಂಜರನ್ನು ಬ್ಯಾರಲ್ಲಿನಲ್ಲಿ ಅರ್ಧ ಎಳೆದು ನೆಟ್ಟಗೆ ಹಿಡಿದರೆ, ಸರಿಯಿದ್ದದ್ದು ತನ್ನ ತೂಕಕ್ಕೇ ನಿಧಾನವಾಗಿ ಇಳಿಯುತ್ತೆ. ಸವೆದದ್ದು ದಡಕ್ಕನೆ ಬೀಳುತ್ತೆ. ನಮ್ಮ ಲ್ಯಾಬಿನ ಮೈಕ್ರೋಮೀಟರ್ ಹಿಡಿಯಲಾರದ ವ್ಯತ್ಯಾಸವನ್ನು ಆ ಮೆಕ್ಯಾನಿಕ್ ಕಣ್ಣಳತೆಯಲ್ಲೇ ಹೇಳಿಬಿಡ್ತಾನೆ.